ಸಂಗೀತದಲ್ಲಿ ಸಂಸ್ಕೃತಿಗಳು ನಿಜವಾಗಿ ಕೂಡುವುದೆಲ್ಲಿ? ವೇದಿಕೆಯ ಮೇಲೋ, ವಾದ್ಯದೊಳಗೋ?

ಸಂಗೀತ ವಿದ್ಯಾರ್ಥಿನಿ (ಚರ್ಚೆಯ ಆರಂಭ):

ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ಸಂಪ್ರದಾಯಗಳ ಕಲಾವಿದರು ಒಂದೇ ವೇದಿಕೆಯಲ್ಲಿ ನುಡಿಸುವ ಕಾರ್ಯಕ್ರಮಗಳು ಈಗ ಜಗತ್ತಿನ ಎಲ್ಲೆಡೆ ನಡೆಯುತ್ತಿವೆ. ಸಿತಾರಿನ ಪಕ್ಕದಲ್ಲಿ ಚೆಲ್ಲೋ, ಮೃದಂಗದ ಪಕ್ಕದಲ್ಲಿ ಪಶ್ಚಿಮ ಆಫ್ರಿಕಾದ ಜೆಂಬೆ. ಒಬ್ಬರಾದ ಮೇಲೆ ಒಬ್ಬರು ತಮ್ಮ ವಿದ್ಯೆಯನ್ನು ತೋರಿಸುತ್ತಾರೆ, ಕೊನೆಗೆ ದ್ರುತಗತಿಯಲ್ಲಿ ಎಲ್ಲರೂ ಸೇರಿ ಮುಕ್ತಾಯ ಮಾಡುತ್ತಾರೆ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಇಂತಹ ಕಛೇರಿಗಳನ್ನು ನಾನು ಇಷ್ಟಪಟ್ಟೇ ಕೇಳುತ್ತೇನೆ. ಆದರೆ ಮನೆಗೆ ಬಂದು ಯೋಚಿಸಿದಾಗ, ಆ ಸಂಜೆ ಎರಡು ಸಂಗೀತಗಳು ಪರಸ್ಪರ ಭೇಟಿಯಾದವೋ ಅಥವಾ ಅಕ್ಕಪಕ್ಕದಲ್ಲಿ ಕೂತು ಎದ್ದು ಹೋದವೋ ಎಂಬ ಪ್ರಶ್ನೆ ಉಳಿಯುತ್ತದೆ.

ನನ್ನ ವಾದ ಇಷ್ಟು. ಒಂದು ಸಂಗೀತ ಇನ್ನೊಂದನ್ನು ನಿಜವಾಗಿ ಸಂಧಿಸಿದರೆ ಅದರ ಗುರುತು ಕಲಾವಿದನ ಕೈಯಲ್ಲಿ, ವಾದ್ಯದ ರಚನೆಯಲ್ಲಿ, ಕೇಳುಗನ ಕಿವಿಯಲ್ಲಿ ಉಳಿಯಲೇಬೇಕು. ಉದಾಹರಣೆಗೆ 1970ರ ದಶಕದ 'ಶಕ್ತಿ' ತಂಡವನ್ನು ನೋಡಬಹುದು. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್, ಪಿಟೀಲು ವಾದಕ ಎಲ್. ಶಂಕರ್, ತಬಲಾ ವಾದಕ ಜಾಕಿರ್ ಹುಸೇನ್ ಮತ್ತು ಘಟ ವಾದಕ ವಿಕ್ಕು ವಿನಾಯಕರಾಂ ಅವರ ಈ ತಂಡಕ್ಕಾಗಿ ಮ್ಯಾಕ್‌ಲಾಫ್ಲಿನ್ ತಮ್ಮ ಗಿಟಾರನ್ನೇ ಬದಲಾಯಿಸಿಕೊಂಡರು. ಮುಖ್ಯ ತಂತಿಗಳ ಕೆಳಗೆ ಅನುರಣನಕ್ಕಾಗಿ ಓರೆಯಾಗಿ ಇನ್ನಷ್ಟು ತಂತಿಗಳನ್ನು ಹಾಯಿಸಿ, ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿ ಹಳ್ಳ ಮಾಡಿಸಿದ್ದರು. ತಂತಿಯನ್ನು ಒತ್ತಿ ಎಳೆದು ಗಮಕ (ಸ್ವರವನ್ನು ತೂಗಿ, ಜಾರಿಸುವ ಅಲಂಕಾರ) ತರಲು ಅದರಿಂದ ಅನುಕೂಲವಾಯಿತು. ವಾದ್ಯಕ್ಕೆ ಉಳಿ ಹಚ್ಚುವ ಮಟ್ಟಕ್ಕೆ ಹೋದ ಆಸಕ್ತಿಯನ್ನು ನಾನು ಭೇಟಿ ಎಂದು ಕರೆಯುತ್ತೇನೆ. ನಿಮ್ಮ ಅನುಭವದಲ್ಲಿ, ಓದಿನಲ್ಲಿ ಇಂತಹ ಬೇರೆ ಯಾವ ನಿದರ್ಶನಗಳಿವೆ? ಈ ಅಳತೆಗೋಲಿಗೆ ಒಗ್ಗದ ಭೇಟಿಗಳೂ ಇರಬಹುದು, ಅವನ್ನೂ ದಯವಿಟ್ಟು ತಿಳಿಸಿ.

ಪಿಟೀಲು ಶಿಕ್ಷಕಿ:

ಒಳ್ಳೆಯ ಪ್ರಶ್ನೆ. ನಾನು ದಿನವೂ ಕೈಯಲ್ಲಿ ಹಿಡಿಯುವ ವಾದ್ಯವೇ ಇದಕ್ಕೆ ಉತ್ತರ ಕೊಡುತ್ತದೆ. ಪಿಟೀಲು ಯುರೋಪಿನಿಂದ ಬಂದ ವಾದ್ಯ ಎಂದು ಎಲ್ಲರೂ ಬಲ್ಲರು, ಆದರೆ ಅದು ಇಲ್ಲಿಗೆ ಬಂದು ಏನೇನು ಕಲಿಯಬೇಕಾಯಿತು ಎಂಬುದರ ಕಡೆಗೆ ಗಮನ ಕಡಿಮೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಮದರಾಸಿನ ಸುತ್ತ ಈಸ್ಟ್ ಇಂಡಿಯಾ ಕಂಪನಿಯ ವಾದ್ಯಗಾರರ ಒಡನಾಟದಲ್ಲಿ ಪಿಟೀಲನ್ನು ಕಲಿತು, ಅದರಲ್ಲಿ ನಮ್ಮ ಸಂಗೀತವನ್ನು ನುಡಿಸತೊಡಗಿದರು. ತಂಜಾವೂರಿನ ನಾಲ್ವರು ಸೋದರರಲ್ಲಿ ಒಬ್ಬರಾದ ವಡಿವೇಲು ಅವರೂ ಅದನ್ನು ಕೈಗೆತ್ತಿಕೊಂಡರು. ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ಅವರಿಗೆ ದಂತದ ಪಿಟೀಲನ್ನು ಕೊಟ್ಟು ಗೌರವಿಸಿದರು.

ಯುರೋಪಿನ ವಾದಕ ಪಿಟೀಲನ್ನು ಗಲ್ಲ ಮತ್ತು ಭುಜದ ನಡುವೆ ಹಿಡಿಯುತ್ತಾನೆ, ವಾದ್ಯದ ಭಾರವನ್ನು ಸ್ವಲ್ಪ ಮಟ್ಟಿಗೆ ಎಡಗೈಯೂ ಹೊರುತ್ತದೆ. ನಾವು ನೆಲದ ಮೇಲೆ ಕೂತು, ಬಲಗಾಲನ್ನು ಮುಂದೆ ಚಾಚಿ, ಪಿಟೀಲಿನ ಸುರುಳಿಯ ತುದಿಯನ್ನು ಬಲಪಾದದ ಗಿಣ್ಣಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಎದೆಗೆ ಒರಗಿಸುತ್ತೇವೆ. ವಾದ್ಯ ಎರಡೂ ಕಡೆ ಭದ್ರವಾಗಿ ನಿಂತಿರುವುದರಿಂದ ಎಡಗೈಗೆ ಹಿಡಿಯುವ ಕೆಲಸವೇ ಇರುವುದಿಲ್ಲ, ಅದು ತಂತಿಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಜಾರಬಲ್ಲದು. ಜಾರು, ಕಂಪಿತ ಎಂಬ ಗಮಕಗಳೆರಡೂ ಈ ಸ್ವಾತಂತ್ರ್ಯದಿಂದಲೇ ಸಾಧ್ಯವಾದವು. ತೋಡಿ ರಾಗದ ಗಾಂಧಾರವನ್ನು ನುಡಿಸುವಾಗ ನನ್ನ ಬೆರಳು ಒಂದು ಕಡೆ ನಿಲ್ಲುವುದೇ ಇಲ್ಲ, ರಿಷಭ ಮತ್ತು ಮಧ್ಯಮದ ಕಡೆಗೆ ತೂಗಾಡುತ್ತಲೇ ಇರಬೇಕು. ವಾದ್ಯವನ್ನು ಕೈಯಲ್ಲಿ ಹೊತ್ತುಕೊಂಡು ಇದನ್ನು ಗಂಟೆಗಟ್ಟಲೆ ಮಾಡುವುದು ಕಷ್ಟ. ಶ್ರುತಿ ಮಾಡುವ ಕ್ರಮವೂ ಬದಲಾಯಿತು. ಅಲ್ಲಿ ಒಂದು ತಂತಿಯಿಂದ ಇನ್ನೊಂದಕ್ಕೆ ಐದೈದು ಸ್ವರಗಳ ಅಂತರ. ಇಲ್ಲಿ ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ, ಅದೂ ಹಾಡುವವರ ಶ್ರುತಿಗೆ ಹೊಂದಿಕೊಂಡು.

ಇನ್ನೊಂದು ದಿಕ್ಕಿನ ಗುರುತೂ ಇದೆ. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲ ವಾದ್ಯವೃಂದಗಳಿಂದ ಕೇಳಿದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ಸುಮಾರು 40 ನೊಟ್ಟುಸ್ವರಗಳನ್ನು ರಚಿಸಿದರು. ಇವೆಲ್ಲ ಶಂಕರಾಭರಣದ ಸ್ವರಗಳಲ್ಲಿವೆ, ಗಮಕಗಳಿಲ್ಲದೆ ನೇರವಾಗಿ ಸಾಗುತ್ತವೆ. ಅತ್ಯಂತ ಗಹನವಾದ ಕೃತಿಗಳನ್ನು ಕೊಟ್ಟ ವಾಗ್ಗೇಯಕಾರರೊಬ್ಬರು ಪರದೇಶದ ಮಟ್ಟುಗಳನ್ನು ಕೀಳೆಂದು ತಳ್ಳದೆ ದೇವರ ಸ್ತುತಿಗೆ ಬಳಸಿದರು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಇಂದಿಗೂ ಚಿಕ್ಕ ಮಕ್ಕಳು ಇವನ್ನು ಉತ್ಸಾಹದಿಂದ ಕಲಿಯುತ್ತಾರೆ.

ಹಾರ್ಮೋನಿಯಂ ಕಲಾವಿದ:

ಶಿಕ್ಷಕಿಯವರ ಮಾತನ್ನು ಓದಿ ಸಂತೋಷವಾಯಿತು. ಆದರೆ ಎಲ್ಲ ವಾದ್ಯಗಳಿಗೂ ಪಿಟೀಲಿಗೆ ಸಿಕ್ಕಂತಹ ಸ್ವಾಗತ ಸಿಗಲಿಲ್ಲ. ನನ್ನ ವಾದ್ಯದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ.

ಹಾರ್ಮೋನಿಯಂ ಹುಟ್ಟಿದ್ದು 19ನೆಯ ಶತಮಾನದ ಯುರೋಪಿನಲ್ಲಿ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಯ್ನ್ ಆ ಹೆಸರಿನ ವಾದ್ಯಕ್ಕೆ 1840ರ ದಶಕದ ಆರಂಭದಲ್ಲಿ ಹಕ್ಕುಪತ್ರ ಪಡೆದರು. ಅದು ಕುರ್ಚಿಯ ಮೇಲೆ ಕೂತು, ಕಾಲಿನಿಂದ ತಿದಿಯೊತ್ತಿ, ಎರಡೂ ಕೈಗಳಿಂದ ನುಡಿಸುವ ವಾದ್ಯವಾಗಿತ್ತು. ಅದೇ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ಕುಗ್ಗಿಸಿ, ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕೂತು ನುಡಿಸುವಂತೆ ಮಾಡಿದರು. ಒಂದು ಕೈ ತಿದಿಗೆ ಹೋದದ್ದರಿಂದ ನುಡಿಸಲು ಉಳಿದದ್ದು ಒಂದೇ ಕೈ, ಹೀಗಾಗಿ ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವ ಯುರೋಪಿನ ಪದ್ಧತಿ ತಾನಾಗಿಯೇ ಹಿಂದೆ ಸರಿದು ಒಂದೇ ಎಳೆಯ ರಾಗಸಂಚಾರಕ್ಕೆ ವಾದ್ಯ ಒಗ್ಗಿಕೊಂಡಿತು. ಆಧಾರ ಶ್ರುತಿಗಾಗಿ ಎಳೆಯುವ ಗುಂಡಿಗಳೂ ಸೇರಿಕೊಂಡವು. ಖವ್ವಾಲಿ, ಸಿಖ್ಖರ ಕೀರ್ತನೆ, ಮರಾಠಿ ನಾಟ್ಯಸಂಗೀತ, ನಮ್ಮ ವೃತ್ತಿರಂಗಭೂಮಿ, ಭಜನೆ ಇವೆಲ್ಲ ಅದನ್ನು ತಮ್ಮದೆಂದೇ ಸ್ವೀಕರಿಸಿದವು.

ಆದರೂ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು, ನಿಷೇಧ ಸಡಿಲವಾದದ್ದು 1971ರಲ್ಲಿ. ವಿರೋಧಿಸಿದವರಲ್ಲಿ ರವೀಂದ್ರನಾಥ ಠಾಕೂರರೂ ಇದ್ದರು, ದೆಹಲಿಯ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಇಂಗ್ಲಿಷ್ ಸಂಗೀತ ರಚನಕಾರ ಜಾನ್ ಫೌಲ್ಡ್ಸ್ ಕೂಡ ಇದ್ದರು. ಅವರ ಆಕ್ಷೇಪಕ್ಕೆ ಆಧಾರವಿತ್ತು ಎಂದು ನಾನು ಈ ವಾದ್ಯವನ್ನು ನುಡಿಸುವವನಾಗಿಯೇ ಒಪ್ಪುತ್ತೇನೆ. ಹಾರ್ಮೋನಿಯಂನಲ್ಲಿ ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ. ಮೇಲಾಗಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿರುವುದರಿಂದ (ಸ್ಥಾಯಿಯ 1200ನೆಯ ಒಂದು ಭಾಗವೇ ಒಂದು ಸೆಂಟ್) ಅದರ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್‌ಗಳ ಎತ್ತರದಲ್ಲಿರುತ್ತದೆ. ತಂಬೂರಿಗೆ ನಿಖರವಾಗಿ ಕೂಡುವ ಅದೇ ಗಾಂಧಾರ ಇರುವುದು 386 ಸೆಂಟ್‌ಗಳಲ್ಲಿ. 14 ಸೆಂಟ್ ಎಂದರೆ ಕಾಗದದ ಮೇಲೆ ಅಲ್ಪ, ಪಳಗಿದ ಕಿವಿಗೆ ಅಲ್ಪವಲ್ಲ. ಪಂಚಮದಲ್ಲಾದರೋ ವ್ಯತ್ಯಾಸ ಕೇವಲ 2 ಸೆಂಟ್, ಅದು ಯಾರನ್ನೂ ಬಾಧಿಸುವುದಿಲ್ಲ.

ಇದಕ್ಕೆ ವಾದ್ಯ ರಿಪೇರಿ ಮಾಡುವವರು ಕಂಡುಕೊಂಡ ದಾರಿ ನನಗೆ ಯಾವಾಗಲೂ ಮೆಚ್ಚುಗೆ ತರಿಸುತ್ತದೆ. ಹಿತ್ತಾಳೆಯ ರೀಡಿನ ತುದಿಯನ್ನು ನವಿರಾಗಿ ಕೆರೆದರೆ ಶ್ರುತಿ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಗಾಂಧಾರದ ರೀಡಿನ ಬುಡವನ್ನು ಕೆರೆಯುತ್ತಾ, ಮತ್ತೆ ಕೂರಿಸಿ, ತಂಬೂರಿಯ ಜೊತೆ ಕೇಳಿ, ಮತ್ತೆ ತೆಗೆದು ಕೆರೆಯುತ್ತಾರೆ. ಹೀಗೆ ಸರಿಪಡಿಸಿದ ವಾದ್ಯ ಒಂದೇ ಷಡ್ಜಕ್ಕೆ ಬದ್ಧವಾಗುತ್ತದೆ, ಷಡ್ಜವನ್ನು ಬೇರೆ ಮನೆಗೆ ಬದಲಾಯಿಸಿದರೆ ಎಲ್ಲವೂ ತಪ್ಪುತ್ತದೆ. ಯಾವ ಶ್ರುತಿಗಾದರೂ ನುಡಿಸಬಹುದೆಂಬ ಅನುಕೂಲವನ್ನು ಬಿಟ್ಟುಕೊಟ್ಟು ತಂಬೂರಿಗೆ ಕೂಡುವ ಗಾಂಧಾರವನ್ನು ಪಡೆದದ್ದು. ಚರ್ಚೆ ಆರಂಭಿಸಿದವರು ಹೇಳಿದ ಗುರುತು ಇಲ್ಲಿಯೂ ಇದೆ, ಅದಕ್ಕೆ ತೆತ್ತ ಬೆಲೆಯೂ ಕಾಣುತ್ತದೆ.

ಇತಿಹಾಸ ಓದುಗ:

ಚರ್ಚೆ ಚೆನ್ನಾಗಿ ಸಾಗುತ್ತಿದೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಾಗಿದೆ. 'ಭೇಟಿ' ಎಂದಾಗ ಇಬ್ಬರೂ ತಮ್ಮ ಇಚ್ಛೆಯಿಂದ ಬಂದರು ಎಂಬ ಭಾವನೆ ಬರುತ್ತದೆ. ಸಂಗೀತದ ಇತಿಹಾಸದಲ್ಲಿ ಅನೇಕ ಭೇಟಿಗಳು ಹಾಗೆ ಆದವುಗಳಲ್ಲ.

ಬ್ಯಾಂಜೋ ವಾದ್ಯವನ್ನು ಅಮೆರಿಕದ ಬಿಳಿಯರ ಹಳ್ಳಿಗಾಡಿನ ಸಂಗೀತದ ಚಿಹ್ನೆಯೆಂದು ಬಹಳ ಜನ ತಿಳಿದಿದ್ದಾರೆ. ಅದರ ಮೂಲ ಪಶ್ಚಿಮ ಆಫ್ರಿಕಾದ ಸೋರೆಬುರುಡೆಯ ತಂತಿವಾದ್ಯಗಳಲ್ಲಿದೆ. ಗುಲಾಮರನ್ನಾಗಿ ಹಡಗಿನಲ್ಲಿ ತುಂಬಿ ಕರೆದೊಯ್ದ ಜನ, ಕೈಯಲ್ಲಿ ಏನೂ ಇಲ್ಲದಿದ್ದರೂ, ವಾದ್ಯ ಕಟ್ಟುವ ಜ್ಞಾನವನ್ನು ತಲೆಯಲ್ಲಿ ಇಟ್ಟುಕೊಂಡು ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದ ತೋಟಗಳಲ್ಲಿ ಅದನ್ನು ಮತ್ತೆ ಕಟ್ಟಿಕೊಂಡರು. 19ನೆಯ ಶತಮಾನದಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡ ಬಿಳಿಯ ನಟರು ಅದೇ ಬ್ಯಾಂಜೋ ಹಿಡಿದು ಕಪ್ಪು ಜನರನ್ನು ಗೇಲಿ ಮಾಡುವ ಪ್ರದರ್ಶನಗಳನ್ನು ಊರೂರಿಗೆ ಒಯ್ದರು. ಆ ನಟರು ಬ್ಯಾಂಜೋ ನುಡಿಸುವ ತಂತ್ರವನ್ನು ಶ್ರದ್ಧೆಯಿಂದಲೇ ಕಲಿತಿದ್ದರು, ಅವರ ಕೈ ಬದಲಾಗಿತ್ತು. ಮನಸ್ಸು ಬದಲಾಗಿತ್ತೇ?

ಇನ್ನೊಂದು ನಿದರ್ಶನ ದಕ್ಷಿಣ ಆಫ್ರಿಕಾದ ಗಾಯಕ ಸಾಲೊಮನ್ ಲಿಂಡಾ ಅವರದು. 1939ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಅವರು ಧ್ವನಿಮುದ್ರಿಸಿದ ಜುಲು ಹಾಡಿನ ಹಕ್ಕು 10 ಶಿಲಿಂಗ್‌ಗೆ ಕೈಬಿಟ್ಟುಹೋಯಿತು. ಆ ಧಾಟಿ ಅಮೆರಿಕದಲ್ಲಿ ಬೇರೆ ಬೇರೆ ಮಾತುಗಳನ್ನು ತೊಟ್ಟು ಜಗತ್ಪ್ರಸಿದ್ಧವಾಯಿತು, ಲಿಂಡಾ 1962ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಅವರ ಮಕ್ಕಳಿಗೆ ನ್ಯಾಯಾಲಯದ ಹೋರಾಟದ ನಂತರ ರಾಜಿಯ ಮೂಲಕ ಪರಿಹಾರ ಸಿಕ್ಕಿದ್ದು 2006ರಲ್ಲಿ. ಆ ಹಾಡನ್ನು ಕೇಳಿ ಕುಣಿದ ಕೋಟಿಗಟ್ಟಲೆ ಜನ ಜುಲು ಸಂಸ್ಕೃತಿಯನ್ನು ಸಂಧಿಸಿದರು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ತಂತ್ರದ ಬದಲಾವಣೆಯೊಂದನ್ನೇ ಅಳತೆಗೋಲಾಗಿ ಹಿಡಿಯುವುದು ಸಾಲದು. ಹೆಸರು ಯಾರದು, ಹಣ ಯಾರಿಗೆ ಹೋಯಿತು ಎಂಬ ಪ್ರಶ್ನೆಗಳನ್ನೂ ಸೇರಿಸಬೇಕು.

ಪಿಯಾನೋ ಅಭ್ಯಾಸಿ:

ಓದುಗರ ಮಾತಿಗೆ ಪೂರಕವಾಗಿ ಎರಡು ವಿಷಯ. ಯುದ್ಧವೂ ಸಂಗೀತವನ್ನು ದಾಟಿಸಿದೆ. ತುರ್ಕಿಯ ಒಟ್ಟೋಮನ್ ಸೈನ್ಯದ ಮೆಹ್ತರ್ ವಾದ್ಯಮೇಳ ಯುರೋಪಿನವರಿಗೆ ಮೊದಲು ಭಯದ ಧ್ವನಿಯಾಗಿತ್ತು. 1683ರಲ್ಲಿ ವಿಯೆನ್ನಾ ನಗರಕ್ಕೆ ಮುತ್ತಿಗೆ ಹಾಕಿದ್ದ ಸೈನ್ಯ ಹಿಂದೆ ಸರಿದು ಸುಮಾರು ನೂರು ವರ್ಷಗಳಾದ ಮೇಲೆ, 1782ರಲ್ಲಿ, ಅದೇ ವಿಯೆನ್ನಾದಲ್ಲಿ ಮೊಟ್ಸಾರ್ಟ್ ತುರ್ಕಿ ಕಥೆಯ ಸಂಗೀತನಾಟಕವೊಂದರಲ್ಲಿ ದೊಡ್ಡ ಡೋಲು, ತಾಳ, ತ್ರಿಕೋನಗಳನ್ನು ಬಳಸಿದರು. ಬೀಥೋವನ್ ಅವರ 1824ರ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲೂ ಅವು ಕೇಳಿಬರುತ್ತವೆ. ಅತ್ತ ಇಸ್ತಾಂಬುಲ್‌ನಲ್ಲಿ ಸುಲ್ತಾನ್ ಎರಡನೆಯ ಮಹಮೂದ್ 1826ರಲ್ಲಿ ಮೆಹ್ತರ್ ಮೇಳ ಸೇರಿದ್ದ ಜಾನಿಸರಿ ಎಂಬ ಹಳೆಯ ಸೈನ್ಯವನ್ನು ರದ್ದುಗೊಳಿಸಿ, ಹೊಸ ವಾದ್ಯವೃಂದ ಕಟ್ಟಲು ಇಟಲಿಯಿಂದ ಜುಸೆಪ್ಪೆ ದೊನಿಜೆತ್ತಿ ಅವರನ್ನು ಕರೆಸಿಕೊಂಡರು. ಯುರೋಪು ಮೆಹ್ತರ್‌ನ ತಾಳಗಳನ್ನು ಕಲಿತುಕೊಂಡಿದ್ದ ಹೊತ್ತಿಗೆ ಅದರ ತವರಿನಲ್ಲಿ ಮೆಹ್ತರ್ ಮೇಳವೇ ಸದ್ದಡಗಿತು. ನನ್ನ ದೃಷ್ಟಿಯಲ್ಲಿ ಇದು ದುಃಖದ ಸಂಗತಿ.

ಎರಡನೆಯದು ಜಾವಾ ಮತ್ತು ಬಾಲಿಯ ಗಮೆಲಾನ್, ಅಂದರೆ ಗಂಟೆಗಳು ಮತ್ತು ಲೋಹದ ಪಟ್ಟಿಗಳ ವಾದ್ಯಮೇಳ. 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಫ್ರೆಂಚ್ ಸಂಗೀತ ರಚನಕಾರ ದೆಬುಸಿ ಜಾವಾದ ಮೇಳವನ್ನು ಕೇಳಿದರು. 1903ರ ಅವರ 'ಪಗೋಡ್' ಎಂಬ ಪಿಯಾನೋ ರಚನೆಯನ್ನು ನುಡಿಸುವಾಗ ಆ ಪ್ರಭಾವ ನನ್ನ ಕೈಗೆ ತಿಳಿಯುತ್ತದೆ: ತಳದಲ್ಲಿ ದೊಡ್ಡ ಗಂಟೆಯಂತೆ ಅಪರೂಪಕ್ಕೆ ಬೀಳುವ ಮಂದ್ರಸ್ವರ, ನಡುವೆ ನಿಧಾನವಾದ ರಾಗ, ಮೇಲೆ ಅತಿ ವೇಗದ ಸ್ವರಗಳ ಹರಿವು, ಹೀಗೆ ಪದರ ಪದರವಾಗಿ ಕಾಲ ಸಾಗುತ್ತದೆ. ಪಿಯಾನೋದಲ್ಲಿ ಗಮೆಲಾನಿನ ಶ್ರುತಿ ಸಿಗುವುದಿಲ್ಲ, ದೆಬುಸಿ ಅದನ್ನು ನಕಲು ಮಾಡಲೂ ಹೋಗಲಿಲ್ಲ. ಅವರು ತೆಗೆದುಕೊಂಡದ್ದು ಕಾಲದ ಜೋಡಣೆಯನ್ನು. ಬಾಲಿಯ ಮೇಳಗಳಲ್ಲಂತೂ ಜೋಡಿ ವಾದ್ಯಗಳ ಒಂದೇ ಸ್ವರವನ್ನು ಬೇಕೆಂದೇ ಕೊಂಚ ವ್ಯತ್ಯಾಸದಲ್ಲಿ ಶ್ರುತಿ ಮಾಡುತ್ತಾರೆ, ಎರಡೂ ಒಟ್ಟಿಗೆ ನುಡಿದಾಗ ನಾದ ಅಲೆಯಲೆಯಾಗಿ ಮಿಡಿಯುತ್ತದೆ. ಪಿಯಾನೋ ಶ್ರುತಿ ಮಾಡುವವನ ಕಿವಿಗೆ ಅದು ದೋಷ, ಬಾಲಿಯವರ ಕಿವಿಗೆ ಆ ಮಿಡಿತವಿಲ್ಲದ ವಾದ್ಯ ನಿರ್ಜೀವ. ಇನ್ನೊಬ್ಬರ ಸಂಗೀತದಲ್ಲಿ ತಪ್ಪೆಂದು ಕೇಳಿಸುವುದನ್ನು ಉದ್ದೇಶವೆಂದು ಅರಿಯುವ ಈ ಹಂತವನ್ನು ದಾಟದೆ ಯಾವ ಭೇಟಿಯೂ ಮುಂದುವರಿಯಲಾರದು ಎಂದು ನನಗನಿಸುತ್ತದೆ.

ಖಯಾಲ್ ಕೇಳುಗ:

ದೂರದ ಸಂಸ್ಕೃತಿಗಳ ಮಾತಾಯಿತು. ಕರ್ನಾಟಕ, ಹಿಂದೂಸ್ತಾನಿ ಎಂಬ ನೆರೆಹೊರೆಯ ಎರಡು ಪದ್ಧತಿಗಳ ನಡುವಿನ ಭೇಟಿಯೂ ಅಷ್ಟೇ ಕಠಿಣ, ಅಷ್ಟೇ ಫಲವತ್ತಾದುದು. ಹಿಂದೂಸ್ತಾನಿಯ ಕಿರಾಣಾ ಘರಾಣೆಯ (ಗುರುಪರಂಪರೆಯ) ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಮೈಸೂರಿನ ಆಸ್ಥಾನಕ್ಕೆ ಬಂದು ಹೋಗುತ್ತಾ ಕರ್ನಾಟಕ ಸಂಗೀತವನ್ನು ಆಸ್ಥೆಯಿಂದ ಕೇಳಿದರು. ಹಿಂದೂಸ್ತಾನಿ ಗಾಯನ ಪ್ರಕಾರವಾದ ಖಯಾಲಿನಲ್ಲಿ ಸರಗಮ್ (ಸ್ವರಗಳ ಹೆಸರುಗಳನ್ನೇ) ಹಾಡುವ ಅವರ ರೀತಿಯ ಮೇಲೆ ಆ ಕೇಳ್ಮೆಯ ಪ್ರಭಾವವನ್ನು ಬಲ್ಲವರು ಗುರುತಿಸಿದ್ದಾರೆ. ತ್ಯಾಗರಾಜರ ಕೃತಿಯೊಂದನ್ನು ಅವರು ಧ್ವನಿಮುದ್ರಿಕೆಯಲ್ಲಿಯೇ ಹಾಡಿದ್ದಾರೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಇವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ.

ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಪದ್ಧತಿಯ ಗಾಯಕಿ, ಅವರ ಹಾಡನ್ನು ಅಬ್ದುಲ್ ಕರೀಂ ಖಾನರೇ ಬಂದು ಕೇಳುತ್ತಿದ್ದರಂತೆ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ಅವಳ ಕಿವಿಯಲ್ಲಿ ಎರಡು ಪದ್ಧತಿಗಳು ಕಲಸಿಹೋಗಬಾರದೆಂದು ಆ ತಾಯಿ ಮನೆಯಲ್ಲಿ ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದರು. ಎರಡು ಸಂಪ್ರದಾಯಗಳ ಸಂಗಮದ ಬಗ್ಗೆ ಮಾತನಾಡುವಾಗ ಈ ತ್ಯಾಗವನ್ನು ನಾವು ಮರೆಯಬಾರದು. ಅದೇ ಕಾಲದ ಮಲ್ಲಿಕಾರ್ಜುನ ಮನ್ಸೂರರು ಮೊದಲು ಕರ್ನಾಟಕ ಪದ್ಧತಿಯ ಪಾಠ ಪಡೆದು, ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಅವರಲ್ಲಿ ಕಲಿತು, ಅನಂತರ ಅಲ್ಲಾದಿಯಾ ಖಾನರ ಮಕ್ಕಳಿಂದ ಜೈಪುರ ಘರಾಣೆಯ ಜಟಿಲ ರಾಗಗಳನ್ನು ಪಡೆದರು. ಆ ಕಂಠದಲ್ಲಿಯೇ ಅವರು ವಚನಗಳನ್ನೂ ಹಾಡಿದರು.

ರಾಗ ಪ್ರಯಾಣ ಮಾಡಿದಾಗಲೂ ಬದಲಾಗುತ್ತದೆ. ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ರೂಪಿಸಿದ ಹಂಸಧ್ವನಿಯನ್ನು ಭೆಂಡಿಬಜಾರ್ ಘರಾಣೆಯ ಅಮಾನ್ ಅಲಿ ಖಾನರು ಉತ್ತರದಲ್ಲಿ ಜನಪ್ರಿಯಗೊಳಿಸಿದರು. ಸ್ವರಗಳು ಅವೇ ಐದು. ಆದರೆ ವಿಲಂಬಿತದ ಬಡಹತ್ತು (ನಿಧಾನಗತಿಯಲ್ಲಿ ಸ್ವರ ಸ್ವರವಾಗಿ ರಾಗ ಬೆಳೆಸುವುದು), ಮೀಂಡುಗಳು (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಬಂದೊಡನೆ ರಾಗದ ನಡಿಗೆ ಬೇರೆಯಾಗುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಕೇಳಿ ನೋಡಿ.

ಸಂಗೀತ ವಿದ್ಯಾರ್ಥಿನಿ:

ಎಲ್ಲರಿಗೂ ಧನ್ಯವಾದಗಳು. ಓದುಗರ ಆಕ್ಷೇಪವನ್ನು ನಾನು ಗಂಭೀರವಾಗಿ ಸ್ವೀಕರಿಸುತ್ತೇನೆ. ಕೈ ಬದಲಾದರೆ ಸಾಕು ಎಂದು ಇನ್ನು ಹೇಳಲಾರೆ. ಕಲಿತದ್ದನ್ನು ಕಲಿಸಿದವರ ಹೆಸರಿನೊಂದಿಗೆ ಮುಂದಕ್ಕೆ ಕೊಡುವುದೂ ಆ ಭೇಟಿಯ ಭಾಗವಾಗಬೇಕು. ಹಾಗೆ ನೋಡಿದರೆ ಪಿಟೀಲಿನ ಇತಿಹಾಸದಲ್ಲೂ ಒಂದು ಕೊರತೆ ಇದೆ: ಬಾಲುಸ್ವಾಮಿಯವರಿಗೆ ಕಲಿಸಿದ ಯುರೋಪಿನ ವಾದಕನನ್ನು ನಾವ್ಯಾರೂ ಹೆಸರು ಹಿಡಿದು ನೆನೆಯುವುದಿಲ್ಲ.

ತಾಳವಾದ್ಯಗಾರ:

ತಡವಾಗಿ ಸೇರುತ್ತಿದ್ದೇನೆ. ಬಲವಂತದಿಂದ ಆರಂಭವಾದ ಪ್ರಯಾಣ ತವರಿಗೆ ಮರಳಿದ ಕಥೆಯೊಂದನ್ನು ಓದುಗರ ಗಮನಕ್ಕೆ ತರುತ್ತೇನೆ. ಆಫ್ರಿಕಾದಿಂದ ಗುಲಾಮರಾಗಿ ಕ್ಯೂಬಾಕ್ಕೆ ಹೋದವರ ಲಯ ಮತ್ತು ಸ್ಪೇನಿನ ಗಿಟಾರ್, ಹಾಡುಗಳು ಸೇರಿ 'ಸೋನ್' ಎಂಬ ಪ್ರಕಾರ ರೂಪುಗೊಂಡಿತು. ಅದರ ಬೆನ್ನೆಲುಬು ಎರಡು ಮರದ ಕೋಲುಗಳಲ್ಲಿ ಬಾರಿಸುವ ಐದು ಪೆಟ್ಟುಗಳ ಆವರ್ತ: ಒಂದು ಅರ್ಧದಲ್ಲಿ ಮೂರು ಪೆಟ್ಟು, ಇನ್ನೊಂದರಲ್ಲಿ ಎರಡು. 1930ರ ದಶಕದಿಂದ ಕ್ಯೂಬಾದ ಗ್ರಾಮಫೋನ್ ತಟ್ಟೆಗಳು ಆಫ್ರಿಕಾದ ಮಾರುಕಟ್ಟೆಗೆ ಬಂದಾಗ ಕಾಂಗೋ ನದಿಯ ದಂಡೆಯ ಪಟ್ಟಣಗಳ ಜನ ಅದರಲ್ಲಿ ತಮಗೆ ಪರಿಚಿತವಾದುದನ್ನು ಕೇಳಿಸಿಕೊಂಡರು. ಕ್ಯೂಬಾದ ಪಿಯಾನೋ ನುಡಿಯುತ್ತಿದ್ದ ಸುತ್ತು ಸುತ್ತಾದ ಸ್ವರಮಾಲೆಗಳನ್ನು ಅಲ್ಲಿನವರು ಗಿಟಾರಿಗೆ ಇಳಿಸಿಕೊಂಡು, ಲಿಂಗಾಲ ಭಾಷೆಯಲ್ಲಿ ಹಾಡು ಕಟ್ಟಿದರು. ಅಲ್ಲಿನ ಗಿಟಾರ್ ವಾದಕ ಫ್ರಾಂಕೋ ಅವರ ಓಕೆ ಜಾಜ್ ತಂಡ ಆರಂಭವಾದದ್ದು 1956ರಲ್ಲಿ. 1960ರಲ್ಲಿ ಕಾಂಗೋ ಸ್ವತಂತ್ರವಾಗುವಾಗ ಅದರ ಸಂಭ್ರಮಗೀತೆಯೂ ಇದೇ ಧಾಟಿಯದು. ಹೀಗೆ ಹುಟ್ಟಿದ ಈ ಸಂಗೀತ, ಅಂದರೆ ಕಾಂಗೋದ ರುಂಬಾ, 2021ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಹಡಗಿನ ಅನ್ಯಾಯವನ್ನು ಇದು ಅಳಿಸುವುದಿಲ್ಲ. ಆದರೆ ಕಿತ್ತುಕೊಂಡು ಹೋದದ್ದನ್ನು ಹೊಸ ರೂಪದಲ್ಲಿ ಗುರುತಿಸಿ ಮರಳಿ ತಮ್ಮದಾಗಿಸಿಕೊಂಡವರು ಆ ನೆಲದ ಕಲಾವಿದರೇ.

ಇತಿಹಾಸ ಓದುಗ:

ಈ ನಿದರ್ಶನವನ್ನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಇಲ್ಲಿ ಯಾರೂ ಬೇರೆಯವರ ಹಾಡನ್ನು ತಮ್ಮ ಹೆಸರಿನಲ್ಲಿ ಮಾರಲಿಲ್ಲ, ಕೇಳಿದವರು ತಮ್ಮ ಭಾಷೆಯಲ್ಲಿ ಹೊಸದನ್ನು ಕಟ್ಟಿದರು. ಹಾರ್ಮೋನಿಯಂ ಕಲಾವಿದರಿಗೆ ನನ್ನದೊಂದು ಪ್ರಶ್ನೆ: ಇಷ್ಟು ವರ್ಷ ಸಮಭಾಗದ ಶ್ರುತಿಯ ಹಾರ್ಮೋನಿಯಂ ಜೊತೆ ಹಾಡಿದ ಗಾಯಕರ ಕಿವಿ ಬದಲಾಗಿದೆಯೇ?

ಹಾರ್ಮೋನಿಯಂ ಕಲಾವಿದ:

ಕೆಲವರದು ಬದಲಾಗಿದೆ ಎಂದೇ ನನ್ನ ಅನುಭವ. ಪಾಠದ ಮೊದಲ ದಿನದಿಂದ ಹಾರ್ಮೋನಿಯಂ ಒಂದನ್ನೇ ನಂಬಿ ಅಭ್ಯಾಸ ಮಾಡಿದ ಮಕ್ಕಳು ಗಾಂಧಾರವನ್ನು ತುಸು ಏರಿಸಿಯೇ ಹಾಡುತ್ತಾರೆ, ತಂಬೂರಿಯ ಎದುರು ಕೂತಾಗ ಅದು ಚುಚ್ಚುತ್ತದೆ. ವಾದ್ಯವನ್ನು ದೂರವಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಅದು ಎಷ್ಟೋ ಮನೆಗಳಿಗೆ ಸಂಗೀತವನ್ನು ತಲುಪಿಸಿದ ವಾದ್ಯ. ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಒಂದು ಕ್ರಮ ಹಾಕಿಕೊಟ್ಟಿದ್ದೇನೆ. ಮೊದಲು ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿ ಖರ್ಜದ (ಮಂದ್ರ ಷಡ್ಜದ) ತಂತಿಯನ್ನು ಮೀಟಬೇಕು. ಆ ನಾದದೊಳಗೆ ಐದನೆಯ ಅನುಸ್ವರವಾಗಿ ಅಂತರ ಗಾಂಧಾರ ತಾನಾಗಿಯೇ ಹೊಮ್ಮುತ್ತದೆ. ಅದನ್ನು ಕೇಳಿ, ಕಂಠದಲ್ಲಿ ನಿಲ್ಲಿಸಿ, ಆ ಬಳಿಕವೇ ಹಾರ್ಮೋನಿಯಂನ ಗಾಂಧಾರವನ್ನು ಒತ್ತಬೇಕು. ಎರಡರ ನಡುವಿನ ಅಂತರ ಕಿವಿಗೆ ಬಿದ್ದ ವಿದ್ಯಾರ್ಥಿ ಕಛೇರಿಯಲ್ಲಿ ಪಕ್ಕವಾದ್ಯಕ್ಕೆ ಯಾವ ಸ್ವರದಲ್ಲಿ ಜೊತೆಗೂಡಬೇಕು, ಯಾವ ಸ್ವರದಲ್ಲಿ ಅದನ್ನು ಬಿಟ್ಟು ತಂಬೂರಿಗೆ ಒರಗಬೇಕು ಎಂಬುದನ್ನು ತಾನೇ ನಿರ್ಧರಿಸಬಲ್ಲ. ಪಕ್ಕವಾದ್ಯ ನುಡಿಸುವ ನಾನೂ ಗಾಯಕರು ಗಾಂಧಾರದ ಮೇಲೆ ದೀರ್ಘವಾಗಿ ನಿಂತಾಗ ಆ ಮನೆಯಿಂದ ಬೆರಳು ತೆಗೆದು ಷಡ್ಜ, ಪಂಚಮಗಳನ್ನಷ್ಟೇ ಹಿಡಿದಿರುತ್ತೇನೆ.